ತಿಥಿ ಊಟಕ್ಕೆ ಬಂದ ಎಮ್ಮೆಲ್ಲೆಗೆ ಮತ್ತೆ ವೋಟು ಹಾಕೋದಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ‘ನಿಮ್ಮ ಶಾಸಕರಿಗೆ ನೂರಕ್ಕೆ ಎಷ್ಟು ಅಂಕ ಕೊಡುತ್ತೀರಿ?’ ಅಂತ ಕೇಳಿದ್ದೇ ತಪ್ಪಾಯಿತು. ವಾಟ್ಸ್‌ಆ್ಯಪ್, ಇಮೇಲ್, ಒಂದೆರಡು ಅಂಚೆ ಕಾರ್ಡು ಕೂಡ ಬಂದವು. ಅಂಕ ಕೊಟ್ಟವರು ಕಡಿಮೆ. ವಾಪಸ್ ನನ್ನನ್ನೇ ಪ್ರಶ್ನೆ ಕೇಳಿದವರು ಜಾಸ್ತಿ. ಪಕ್ಷದ ಹೆಸರು ಹಿಡಿದು ಬೈದ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಬರೆದವರ ಹೆಸರನ್ನೂ ಹಾಕಿಲ್ಲ. ಊರು ಚಿಕ್ಕದು, ನಾಳೆ ಅದೇ ಅರಳಿಕಟ್ಟೆ ಮೇಲೆ ಅವರು ಕೂರಬೇಕಲ್ವಾ.

ಪ್ರಶ್ನೆ: ನಮ್ಮ ಎಮ್ಮೆಲ್ಲೆ ಕ್ಷೇತ್ರದಲ್ಲಿ ಯಾರ ಮನೆ ಮದುವೆಯನ್ನೂ ತಪ್ಪಿಸಲ್ಲ. ನಮ್ಮಪ್ಪ ತೀರಿಕೊಂಡಾಗ ಹನ್ನೊಂದನೇ ದಿನ ಬಂದರು, ಎಲೆ ಮುಂದೆ ಕೂತು ಎರಡು ತುತ್ತು ತಿಂದರು, ಹೋಗುವಾಗ ಐದು ಸಾವಿರ ಕೈಗಿಟ್ಟರು. ಆದರೆ ನಮ್ಮೂರಿಂದ ಹೈವೇಗೆ ಹೋಗುವ ನಾಲ್ಕು ಕಿಲೋಮೀಟರ್ ರಸ್ತೆ ಎಂಟು ವರ್ಷದಿಂದ ಹಾಗೇ ಇದೆ. ಮುಂದಿನ ಸಲ ವೋಟು ಹಾಕದಿದ್ದರೆ ಕೃತಘ್ನ ಅನಿಸುತ್ತೆ, ಹಾಕಿದರೆ ಪೆದ್ದ ಅನಿಸುತ್ತೆ. ಏನು ಮಾಡಲಿ?
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ಮೊದಲು ಆ ಐದು ಸಾವಿರದ ಲೆಕ್ಕ ತೀರಿಸೋಣ. ನಿಮ್ಮಪ್ಪನ ತಿಥಿಗೆ ಬಂದರು, ಒಳ್ಳೆಯದೇ. ಅವರ ಮನೆಯಲ್ಲಿ ಮದುವೆಯಾದಾಗ ನೀವೂ ಹೋಗಿ ಮುಯ್ಯಿ ಹಾಕಿ ಬನ್ನಿ. ಅಲ್ಲಿಗೆ ಚುಕ್ತಾ. ಮುಯ್ಯಿಗೆ ಮುಯ್ಯಿ ಸರಿ, ಮುಯ್ಯಿಗೆ ವೋಟು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ.

ಹಾಗಂತ ಮನೆಗೆ ಬರುವ ಶಾಸಕರನ್ನು ನಾನು ಲೇವಡಿ ಮಾಡಲ್ಲ. ಗೆದ್ದ ಮಾರನೇ ದಿನದಿಂದ ಫೋನು ಎತ್ತದೆ, ಪಿಎ ಹತ್ತಿರವೇ ಎಲ್ಲ ಮಾತಾಡಿಸುವವರಿಗಿಂತ ಇವರು ಎಷ್ಟೋ ವಾಸಿ. ಆದರೆ ಒಂದು ಮಾತು ಹೇಳಿ. ಅವರು ನಿಮ್ಮ ಎಲೆ ಮುಂದೆ ಕೂತಾಗ ಆ ರಸ್ತೆಯ ಮಾತು ಎತ್ತಿದಿರಾ? ‘ಸಾವಿನ ಮನೇಲಿ ಹೇಗೆ ಕೇಳೋದು’ ಅಂತ ಸುಮ್ಮನಾಗಿರುತ್ತೀರಿ. ಅವರಿಗೂ ಅದು ಚೆನ್ನಾಗಿ ಗೊತ್ತು. ತಿಥಿ, ಮದುವೆ, ಗೃಹಪ್ರವೇಶ ಇಲ್ಲೆಲ್ಲ ಯಾರೂ ರಸ್ತೆ ಕೇಳಲ್ಲ, ಎಲ್ಲರೂ ಕೈ ಮುಗಿಯುತ್ತಾರೆ. ಐದು ವರ್ಷ ಬರೀ ಕೈ ಮುಗಿಸಿಕೊಳ್ಳುವ ಜಾಗಕ್ಕೇ ಹೋಗಿ ಬಂದರೆ ಯಾರಿಗೂ ಉತ್ತರ ಕೊಡುವ ತಾಪತ್ರಯ ಇರಲ್ಲ.

ಇನ್ನು ರಸ್ತೆ. ಕರ್ನಾಟಕದಲ್ಲಿ ಒಬ್ಬ ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ಇರುವುದು ವರ್ಷಕ್ಕೆ 2 ಕೋಟಿ ರೂಪಾಯಿ. ಕೇಳೋಕೆ ದೊಡ್ಡದು. ಕ್ಷೇತ್ರದಲ್ಲಿ ಇನ್ನೂರು ಹಳ್ಳಿ ಇದ್ದರೆ ಹಳ್ಳಿಗೆ ಒಂದು ಲಕ್ಷ ಬಿತ್ತು. ಅದರಲ್ಲಿ ನಿಮ್ಮ ನಾಲ್ಕು ಕಿಲೋಮೀಟರಿಗೆ ಜಲ್ಲಿಯೂ ಬರಲ್ಲ. ಅದಕ್ಕೇ ಆ ದುಡ್ಡು ಬಸ್ ಶೆಲ್ಟರು, ಹೈಮಾಸ್ಟ್ ದೀಪ, ಸಮುದಾಯ ಭವನದ ಕಾಂಪೌಂಡು ಇಂಥವಕ್ಕೆ ಹೋಗುತ್ತದೆ. ನಮ್ಮೂರ ಕಡೆ ಒಂದು ಬಸ್ ಶೆಲ್ಟರ್ ಇದೆ. ಅದರ ಮೇಲಿನ ಬೋರ್ಡಿನಲ್ಲಿ ಶಾಸಕರ ಫೋಟೋ ಎಷ್ಟು ದೊಡ್ಡದು ಅಂದರೆ, ಮಧ್ಯಾಹ್ನ ನೆರಳು ಬೀಳುವುದು ಚಾವಣಿಯಿಂದಲ್ಲ, ಆ ಬೋರ್ಡಿನಿಂದ.

ಅಂದರೆ ನಿಮ್ಮ ರಸ್ತೆ ಆ ನಿಧಿಯಿಂದ ಆಗುವಂಥದ್ದಲ್ಲ. ಲೋಕೋಪಯೋಗಿ ಇಲಾಖೆಯದೋ, ಜಿಲ್ಲಾ ಪಂಚಾಯಿತಿಯದೋ ಮೊದಲು ಗೊತ್ತುಮಾಡಿಕೊಂಡು, ಕ್ರಿಯಾಯೋಜನೆಗೆ ಸೇರಿಸಿ, ಬೆಂಗಳೂರಿನಲ್ಲಿ ಮಂತ್ರಿಯ ಬೆನ್ನು ಹತ್ತಿ ಮಂಜೂರು ಮಾಡಿಸಬೇಕು. ಹಾಗೆ ಬೆನ್ನು ಹತ್ತುವುದೇ ಶಾಸಕರ ಕೆಲಸ. ತಮ್ಮ ಸರ್ಕಾರ ಇಲ್ಲದಿದ್ದರೆ ಅದು ಕಷ್ಟ, ನಿಜ. ಆದರೆ ‘ನಮ್ಮ ಸರ್ಕಾರ ಇಲ್ಲ’ ಅಂತ ಐದು ವರ್ಷ ಕೈ ಕಟ್ಟಿ ಕೂತಿದ್ದಕ್ಕೂ, ಹತ್ತು ಪತ್ರ ಬರೆದು ಸದನದಲ್ಲಿ ಜಗಳ ತೆಗೆದಿದ್ದಕ್ಕೂ ವ್ಯತ್ಯಾಸ ಇದೆ.

ನಾನು ಶಾಸಕರನ್ನು ಅಳೆಯುವುದು ಬೇರೆ ಕಡೆ. ತಾಲೂಕಿನಲ್ಲಿ ಶಾಸಕರೇ ಅಧ್ಯಕ್ಷರಾಗಿರುವ ಕೆಲವು ಸಭೆಗಳಿವೆ. ಇಲಾಖೆಗಳ ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಮೂರು ತಿಂಗಳಿಗೊಮ್ಮೆ ನಡೆಯಬೇಕಾದ ಕೆಡಿಪಿ ಸಭೆ ಒಂದು. ಸರ್ಕಾರಿ ಜಮೀನು ಉಳುತ್ತಿರುವವರಿಗೆ ಅದನ್ನು ಮಂಜೂರು ಮಾಡುವ ಬಗರ್ ಹುಕುಂ ಸಮಿತಿ ಇನ್ನೊಂದು. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿ ಮತ್ತೊಂದು. ಇವೆಲ್ಲ ಅವರು ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಸಾಗುವಳಿ ಚೀಟಿಗೆ ಕಾಯುತ್ತಾ ಕೂದಲು ಹಣ್ಣಾದವರು ನಿಮ್ಮೂರಲ್ಲೂ ಇರುತ್ತಾರೆ. ಅವರ ಫೈಲು ಕದಲಬೇಕಾದರೆ ಸಮಿತಿ ಸೇರಬೇಕು. ಸಮಿತಿ ಸೇರಿಸುವ ಬದಲು ಸಾಹೇಬರು ಆ ದಿನ ಯಾರದೋ ನಾಮಕರಣದಲ್ಲಿ ಇದ್ದರೆ?

ನಾನು ತಾಲೂಕು ವರದಿಗಾರನಾಗಿದ್ದಾಗ ಇಂಥ ಕೆಡಿಪಿ ಸಭೆಗಳಿಗೆ ತುಂಬಾ ಹೋಗಿದ್ದೇನೆ. ಒಬ್ಬ ಶಾಸಕರು ಹನ್ನೊಂದು ಗಂಟೆ ಸಭೆಗೆ ಒಂದು ಗಂಟೆಗೆ ಬರುತ್ತಿದ್ದರು. ಹಾರ, ಗೋಡಂಬಿ ಪ್ಲೇಟು, ಒಬ್ಬ ಅಧಿಕಾರಿಗೆ ನಮ್ಮ ಕ್ಯಾಮೆರಾ ಎದುರು ಜೋರು ಬೈಗುಳ, ಊಟ. ಮುಗೀತು. ಅವರ ನಂತರ ಗೆದ್ದವರು ಇನ್ನೊಬ್ಬರು. ಜೇಬಿನಲ್ಲಿ ರಟ್ಟು ಕಿತ್ತುಹೋದ ಡೈರಿ ಇರುತ್ತಿತ್ತು. ವಿದ್ಯುತ್ ಇಲಾಖೆಯ ಇಂಜಿನಿಯರಿಗೆ ‘ಹೋದ ಸಭೇಲಿ ಹನ್ನೊಂದು ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂದ್ರಿ, ಎಷ್ಟು ಬದಲಾಯಿಸಿದ್ರಿ?’ ಅಂದರು. ‘ಪ್ರಗತಿಯಲ್ಲಿದೆ ಸರ್.’ ಇವರು ಡೈರಿ ತೆಗೆದು ಹನ್ನೊಂದು ಹಳ್ಳಿಯ ಹೆಸರನ್ನು ಒಂದೊಂದಾಗಿ ಓದಿದರು. ಆಯ್ತಾ? ಆಯ್ತು ಸರ್. ಇದು ಆಯ್ತಾ? ಇಲ್ಲ ಸರ್. ಮೂರು ಆಗಿರಲಿಲ್ಲ. ಅಲ್ಲೇ ಕೂತು ಫೋನ್ ಹಚ್ಚಿಸಿ, ಸಂಜೆಯೊಳಗೆ ಸ್ಟೋರಿನಿಂದ ಲೋಡ್ ಆಗಬೇಕು ಅಂತ ಹೇಳಿಸಿದರು. ಧ್ವನಿ ಏರಿಸಲಿಲ್ಲ. ನಮ್ಮ ಕ್ಯಾಮೆರಾದವನು ‘ಇವತ್ತು ಏನೂ ಸಿಗ್ಲಿಲ್ಲ ಸಾರ್’ ಅಂದ.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಜನ ಹೇಳಿದ ಕಾರಣ ಏನು ಗೊತ್ತಾ? ‘ಒಳ್ಳೇರೇ ಕಣ್ರೀ, ಆದ್ರೆ ಮದ್ವೆಗೆ ಬರಲ್ಲ.’

ಪ್ರಶ್ನೆ: ಶಾಸಕರು ಸದನದಲ್ಲಿ ಏನು ಮಾತಾಡಿದರು ಅಂತ ನಮ್ಮಂಥವರು ನೋಡೋದು ಹೇಗೆ? ಅವರ ಫೇಸ್‌ಬುಕ್ ಪೇಜಿನಲ್ಲಿ ಬರೀ ಹುಟ್ಟುಹಬ್ಬದ ಫೋಟೋ ಇದೆ.
— ಚಿತ್ರದುರ್ಗ

ಉತ್ತರ: ಫೇಸ್‌ಬುಕ್ ಪೇಜನ್ನು ನೋಡಿಕೊಳ್ಳುವ ಹುಡುಗನಿಗೆ ಸಂಬಳ ಕೊಡುವವರು ಅವರೇ. ಅಲ್ಲಿ ಇನ್ನೇನು ಸಿಗುತ್ತೆ ಹೇಳಿ.

ವಿಧಾನಸಭೆಯ ಜಾಲತಾಣಕ್ಕೆ ಹೋಗಿ. ಅಧಿವೇಶನದ ಪ್ರಶ್ನೋತ್ತರಗಳನ್ನು ಅಲ್ಲಿ ಹಾಕಿರುತ್ತಾರೆ. ಪ್ರಶ್ನೆ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ನಿಮ್ಮ ಶಾಸಕರ ಹೆಸರಿನಲ್ಲಿ ಎಷ್ಟು ಪ್ರಶ್ನೆ ಇದೆ ಅನ್ನೋದಕ್ಕಿಂತ ಯಾವ ಪ್ರಶ್ನೆ ಇದೆ ನೋಡಿ. ‘ರಾಜ್ಯದಲ್ಲಿ ಎಷ್ಟು ಕೆರೆಗಳಿವೆ?’ ಅಂತ ಕೇಳಿದರೆ ಅದು ಸುಮ್ನೆ ಲೆಕ್ಕಕ್ಕೆ ಕೇಳಿದ್ದು. ‘ನನ್ನ ತಾಲೂಕಿನ ಇಂಥ ಕೆರೆಗೆ ಮಂಜೂರಾದ ದುಡ್ಡಿನಲ್ಲಿ ಎಷ್ಟು ಖರ್ಚಾಯಿತು, ಕೆಲಸ ಯಾಕೆ ನಿಂತಿದೆ?’ ಅಂದರೆ ಅದು ಕೆಲಸ. ಎಷ್ಟೋ ಸಲ ಅಂಥ ಉತ್ತರದಲ್ಲಿ ನಿಮ್ಮೂರ ಕಾಮಗಾರಿಯ ಹೆಸರು, ಕಂಟ್ರಾಕ್ಟರ್ ಹೆಸರು, ಮೊತ್ತ ಎಲ್ಲ ಅಚ್ಚಾಗಿ ಬಂದಿರುತ್ತದೆ. ಊರವರು ಯಾರೂ ಅದನ್ನು ಓದಿರಲ್ಲ, ಅಷ್ಟೇ.

ಒಂದು ಎಚ್ಚರಿಕೆ. ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳಲ್ಲ, ಉತ್ತರ ಕೊಡುತ್ತಾರೆ. ಸ್ಪೀಕರ್ ಕೂಡ ಕೇಳಲ್ಲ. ಅವರನ್ನು ಈ ತಕ್ಕಡಿಯಲ್ಲಿ ತೂಗಬೇಡಿ. 224 ಜನರ ಸದನದಲ್ಲಿ ಮುಖ್ಯಮಂತ್ರಿ ಸೇರಿ ಮಂತ್ರಿಗಳು 34ಕ್ಕಿಂತ ಜಾಸ್ತಿ ಇರುವಂತಿಲ್ಲ. ಮಿಕ್ಕವರಿಗೆ ‘ನನಗೆ ಪುರುಸೊತ್ತಿರಲಿಲ್ಲ’ ಅನ್ನೋ ನೆಪ ಇಲ್ಲ.

ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಹೋಗಿದ್ದರಾ, ಹೋದವರು ಒಳಗಿದ್ದರಾ ಅನ್ನೋದನ್ನೂ ಒಮ್ಮೆ ವಿಚಾರಿಸಿ. ಸಹಿ ಹಾಕಿ ಹೊರಗೆ ಬಂದವರೂ ಹಾಜರಿ ಪುಸ್ತಕದಲ್ಲಿ ಹಾಜರೇ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದೇನೆ. ರಸ್ತೆಗುಂಡಿ ಬಗ್ಗೆ ಕೇಳಿದರೆ ಶಾಸಕರ ಆಫೀಸಿನವರು ‘ಅದು ಪಾಲಿಕೆ ಕೆಲಸ’ ಅಂತಾರೆ. ಪಾಲಿಕೆಯವರು ‘ಗ್ರಾಂಟ್ ಬಂದಿಲ್ಲ’ ಅಂತಾರೆ. ನಮ್ಮ ವಾರ್ಡಿಗೆ ಕಾರ್ಪೊರೇಟರೇ ಇಲ್ಲ. ನಾನೊಬ್ಬ ವೋಟು ಹಾಕಿದರೆ ಏನಾಗುತ್ತೆ?
— ಬೆಂಗಳೂರು ದಕ್ಷಿಣದ ಕಡೆಯಿಂದ

ಉತ್ತರ: ಅವರು ಹೇಳಿದ್ದು ಅರ್ಧ ಸರಿ. ಗುಂಡಿ ಮುಚ್ಚೋದು ಪಾಲಿಕೆಯ ಕೆಲಸವೇ. ಆದರೆ ಆಗಿನ ಪಾಲಿಕೆಯಾದ ಬಿಬಿಎಂಪಿಯ 198 ವಾರ್ಡುಗಳಿಗೆ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿಗೆ ಆ ಕೌನ್ಸಿಲಿನ ಅವಧಿ ಮುಗಿಯಿತು. ಆಮೇಲೆ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ಆಡಳಿತಾಧಿಕಾರಿಗಳೇ ನಡೆಸಿದರು. ಈ ಎಳೆದಾಟದಲ್ಲಿ ಒಂದೇ ಪಕ್ಷದವರಿದ್ದರು ಅಂತ ತಿಳಿಯಬೇಡಿ. ಕಾರ್ಪೊರೇಟರ್ ಇಲ್ಲದಿದ್ದರೆ ವಾರ್ಡಿನ ಕೆಲಸ, ಕಂಟ್ರಾಕ್ಟು ಎಲ್ಲದರಲ್ಲೂ ಶಾಸಕರ ಮಾತೇ ನಡೆಯುತ್ತದೆ. ರಿಬ್ಬನ್ ಕತ್ತರಿಸುವಾಗ ವಾರ್ಡು ಅವರದು, ಗುಂಡಿ ಬಿದ್ದಾಗ ಪಾಲಿಕೆಯದು. ಹಾಗಾಗಿ ನಿಮ್ಮ ಶಾಸಕರಿಗೆ ನಾನು ಕೇಳುವ ಪ್ರಶ್ನೆ ಗುಂಡಿಯದಲ್ಲ. ‘ಪಾಲಿಕೆ ಚುನಾವಣೆ ಬೇಗ ಆಗಲಿ ಅಂತ ಸದನದಲ್ಲಿ ನೀವು ಯಾವತ್ತು ಬಾಯಿಬಿಟ್ಟಿರಿ?’ ಇದನ್ನು ಕೇಳಿ ನೋಡಿ. ಮುಖ ಹೇಗಾಗುತ್ತೆ ಅಂತ ನನಗೂ ಬರೆಯಿರಿ.

ಇನ್ನು ನಿಮ್ಮ ಒಂದು ವೋಟು. 2023ರಲ್ಲಿ ನಿಮ್ಮ ಕಡೆಯದೇ ಜಯನಗರದಲ್ಲಿ ಎಣಿಕೆ ರಾತ್ರಿಯವರೆಗೂ ಎಳೆದಾಡಿ ಕೊನೆಗೆ ಗೆಲುವಿನ ಅಂತರ ಬಂದದ್ದು 16 ಮತ. ಅಪಾರ್ಟ್‌ಮೆಂಟಿನ ಒಂದು ಫ್ಲೋರಿನವರು ಆ ದಿನ ಬೇಗ ಎದ್ದಿದ್ದರೆ ಸಾಕಿತ್ತು. ಇನ್ನೂ ಹಿಂದಿನದು ಬೇಕಾದರೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ, 2004. ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು. ಕೃಷ್ಣಮೂರ್ತಿ ಅವರು 2023ರಲ್ಲಿ ಕೊಳ್ಳೇಗಾಲದಿಂದ ದೊಡ್ಡ ಅಂತರದಲ್ಲೇ ಗೆದ್ದರು. ಆದರೂ ಅವರ ಹೆಸರು ಬಂದರೆ ಜನ ಈಗಲೂ ಆ ಒಂದು ವೋಟಿನ ಕತೆಯನ್ನೇ ಹೇಳೋದು.

ಪ್ರಶ್ನೆ: ಸರ್, ಹೋದ ಚುನಾವಣೆಯಲ್ಲಿ ನಮ್ಮ ಓಣಿಯಲ್ಲಿ ವೋಟಿಗೆ ಇಷ್ಟು ಅಂತ ಹಂಚಿದರು. ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ನಾನೂ ತಗೊಂಡೆ, ಸುಳ್ಳು ಯಾಕೆ ಹೇಳಲಿ. ಗೆದ್ದ ಮೇಲೆ ಅವರು ಈ ಕಡೆ ತಲೆ ಹಾಕಿಲ್ಲ. ಮತ್ತೆ ಬಂದು ಹಂಚಿದರೆ, ಆಣೆ ಮಾಡಿಸಿದರೆ ಏನು ಮಾಡಬೇಕು? ನಾವು ಯಾರಿಗೆ ಹಾಕಿದ್ದು ಅಂತ ಅವರಿಗೆ ಗೊತ್ತಾಗುತ್ತಂತೆ, ಹೌದಾ?
— ಕೊಪ್ಪಳ ಜಿಲ್ಲೆಯ ಒಬ್ಬ ಅಕ್ಕ

ಉತ್ತರ: ಅಕ್ಕಾ, ಇಷ್ಟು ನೇರವಾಗಿ ಬರೆದಿದ್ದಕ್ಕೆ ಮೊದಲು ಕೈ ಮುಗಿಯುತ್ತೇನೆ. ಈ ವಿಷಯದಲ್ಲಿ ಬಂದ ಬೇರೆ ಪತ್ರಗಳೆಲ್ಲ ‘ಪಕ್ಕದ ಮನೆಯವರು ತಗೊಂಡರು’ ಅಂತ ಇದ್ದವು.

ದುಡ್ಡು ಕೊಡುವುದೂ ಅಪರಾಧ, ತಗೊಳ್ಳುವುದೂ ಅಪರಾಧ. ಆದ್ದರಿಂದ ‘ಎರಡೂ ಕಡೆ ತಗೊಳ್ಳಿ, ನಿಮಗೆ ಬೇಕಾದವರಿಗೆ ಹಾಕಿ’ ಅಂತ ಜಾಣರ ಹಾಗೆ ನಾನು ಹೇಳಲ್ಲ. ಆದರೆ ಆಣೆಯ ಭಯ ಬೇಡ. ದುಡ್ಡು ಮುಂದಿಟ್ಟು ಮಾಡಿಸಿಕೊಂಡ ಆಣೆಯನ್ನು ದೇವರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾನೆ ಅಂತ ನನಗೇನೂ ಅನಿಸಲ್ಲ. ಇಟ್ಟುಕೊಂಡರೂ ಮೊದಲು ಕೇಳೋದು ಫೋಟೋ ಹಿಡಿದು ಬಂದವನನ್ನು.

ಗೊತ್ತಾಗುತ್ತಾ ಅಂದಿರಿ. ನೀವು ಯಾರಿಗೆ ಒತ್ತಿದಿರಿ ಅಂತ ಯಾರಿಗೂ ಗೊತ್ತಾಗಲ್ಲ. ಗುಂಡಿ ಒತ್ತಿದ ಮೇಲೆ ಪಕ್ಕದ ಯಂತ್ರದ ಗಾಜಿನೊಳಗೆ ಒಂದು ಚೀಟಿ 7 ಸೆಕೆಂಡ್ ಕಾಣುತ್ತದೆ. ಅದನ್ನು ನೋಡುವುದು ನೀವೊಬ್ಬರೇ. ಆಮೇಲೆ ಅದು ಕತ್ತರಿಸಿ ಡಬ್ಬಿಗೆ ಬೀಳುತ್ತದೆ, ಅದರ ಮೇಲೆ ನಿಮ್ಮ ಹೆಸರಿರಲ್ಲ. ಆದರೆ ಒಂದು ಮಾತು ಮುಚ್ಚಿಡಲ್ಲ. ನಿಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಬಂತು ಅನ್ನೋದು ಎಣಿಕೆಯಲ್ಲಿ ಗೊತ್ತಾಗುತ್ತದೆ. ಬೂತುವಾರು ಲೆಕ್ಕ ಆಮೇಲೆ ಎಲ್ಲರಿಗೂ ಸಿಗುತ್ತದೆ. ಹೀಗಾಗಿ ‘ಈ ಓಣಿಯವರು ಕೈ ಕೊಟ್ಟರು’ ಅಂತ ಒಬ್ಬ ಏಜೆಂಟ್ ಹೇಳಬಹುದು. ‘ಈ ಅಕ್ಕ ಕೈ ಕೊಟ್ಟಳು’ ಅಂತ ಹೇಳಲಾರ. ಹೇಳಿದರೆ ಅದು ಬರೀ ಹೆದರಿಕೆ ಹಾಕೋದು.

ಮುಂದಿನ ಸಲ ಹಂಚಲು ಬಂದರೆ ಮನೆಯಲ್ಲಿ ಮಕ್ಕಳ ಮೊಬೈಲಿನಲ್ಲಿ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇರಲಿ. ಹೆಸರು ಹೇಳದೆಯೂ ಫೋಟೋ, ವಿಡಿಯೋ ಕಳಿಸಬಹುದು. ಆದರೆ ಓಣಿಯಲ್ಲಿ ಒಬ್ಬರೇ ಧೈರ್ಯ ಮಾಡೋದು ಕಷ್ಟ, ಅದು ನನಗೆ ಇಲ್ಲಿ ಫ್ಯಾನಿನ ಕೆಳಗೆ ಕೂತು ಬರೆದಷ್ಟು ಸುಲಭವಲ್ಲ. ನಾಲ್ಕು ಮನೆಯವರು ಮೊದಲೇ ಮಾತಾಡಿಕೊಂಡಿದ್ದರೆ ಚೆನ್ನ.

ಇನ್ನೊಂದು ವಿಷಯ ನೆನಪಾಯಿತು. ಮಲೆನಾಡಿನಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತಾಗ ಅವರ ಕಡೆಯವರ ಕರೆ ‘ಒಂದು ವೋಟು, ಒಂದು ನೋಟು’ ಅಂತ. ಅಂದರೆ ವೋಟಿನ ಜೊತೆ ಜನರೇ ನೋಟನ್ನೂ ಕೊಡಬೇಕು. ಅವರು 1952ರಲ್ಲಿ ಗೆದ್ದರು, ಆಮೇಲೆ 1962, 1967ರಲ್ಲೂ ಗೆದ್ದರು. ತನ್ನ ಕೈಯಿಂದ ಒಂದು ರೂಪಾಯಿ ಕೊಟ್ಟವನು ಗೆದ್ದವರನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಕೇಳುತ್ತಾನೆ. ಇಸಕೊಂಡವನು ಎದುರಿಗೆ ಬಂದರೆ ಪಕ್ಕದ ಸಂದಿಗೆ ತಿರುಗುತ್ತಾನೆ. ನೀವು ಐದು ವರ್ಷ ಕೇಳದೇ ಇದ್ದದ್ದು ಅದಕ್ಕೇ ಇರಬೇಕು.

ಪ್ರಶ್ನೆ: ನಮ್ಮ ಶಾಸಕರು ಗೆದ್ದ ಪಕ್ಷ ಬಿಟ್ಟು ಇನ್ನೊಂದು ಪಕ್ಷಕ್ಕೆ ಹೋದರು. ‘ಕ್ಷೇತ್ರದ ಅಭಿವೃದ್ಧಿಗಾಗಿ ಹೋದೆ’ ಅಂತಾರೆ. ಹೋದ ಮೇಲೆ ಅನುದಾನವೂ ಬಂದಿದೆ, ಅದು ನಿಜ. ಕ್ಷಮಿಸಬಹುದಾ?
— ಮೈಸೂರು ಜಿಲ್ಲೆ

ಉತ್ತರ: ಈ ಪರೀಕ್ಷೆಯನ್ನು ಕರ್ನಾಟಕದ ಮತದಾರರು ಒಮ್ಮೆ ಬರೆದಿದ್ದಾರೆ. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಸರ್ಕಾರದ ವಿರುದ್ಧ ತಿರುಗಿಬಿದ್ದ 17 ಶಾಸಕರು ಅನರ್ಹರಾದರು, ಅವರಲ್ಲಿ ಹೆಚ್ಚಿನವರು ಆಮೇಲೆ ಬಿಜೆಪಿ ಸೇರಿದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ ನವೆಂಬರಿನಲ್ಲಿ ಹೇಳಿತು. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ಆಗಿ ಬಿಜೆಪಿ 12 ಗೆದ್ದಿತು. ಅಂದರೆ ಹೆಚ್ಚಿನ ಕಡೆ ಜನ ಕ್ಷಮಿಸಿದರು, ಅಥವಾ ಅದು ತಪ್ಪು ಅಂತಲೇ ಅವರಿಗೆ ಅನಿಸಲಿಲ್ಲ. ಆದರೆ ನಿಮ್ಮ ಜಿಲ್ಲೆಯ ಹುಣಸೂರಿನಲ್ಲಿ ಎಚ್. ವಿಶ್ವನಾಥ್ ಸೋತರು. ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಪಕ್ಷೇತರ ಅಭ್ಯರ್ಥಿ ಎದುರು ಸೋತರು. ತಡವಾಗಿ, 2021ರಲ್ಲಿ ನಡೆದ ಮಸ್ಕಿ ಉಪಚುನಾವಣೆಯಲ್ಲಿ ಪ್ರತಾಪಗೌಡ ಪಾಟೀಲ್ ಕೂಡ ಸೋತರು. ಒಂದೇ ತಪ್ಪಿಗೆ ಒಂದೊಂದು ಕ್ಷೇತ್ರ ಒಂದೊಂದು ತೀರ್ಪು ಕೊಟ್ಟಿತು.

ನನ್ನ ಅಭಿಪ್ರಾಯ ಕೇಳಿದರೆ, ಪಕ್ಷ ಬಿಡೋದು ಪಾಪವಲ್ಲ. ಬಿಡುವ ಮುಂಚೆ ನಿಮ್ಮನ್ನು ಕೇಳಿದರಾ, ಅದು ಮುಖ್ಯ. ನಾಲ್ಕು ಹೋಬಳಿಯಲ್ಲಿ ಸಭೆ ಕರೆದು, ‘ಹೀಗೆ ಮಾಡ್ತಿದ್ದೀನಿ, ಯಾಕಂದ್ರೆ ಹೀಗೆ’ ಅಂತ ಹೇಳಿ, ಬೈಸಿಕೊಂಡು ಹೋಗಿದ್ದರೆ ಅದೊಂದು ರೀತಿ. ನಿಮ್ಮವರು ರೆಸಾರ್ಟಿನಿಂದ ವಿಡಿಯೋ ಕಳಿಸಿದರಾ? ನೀವು ಪತ್ರದಲ್ಲಿ ಅದನ್ನು ಬರೆದಿಲ್ಲ. ಅನುದಾನ ಬಂತು ಅಂದಿರಿ, ಒಪ್ಪಿದೆ. ಆದರೆ ಎದುರು ಪಕ್ಷದಲ್ಲಿದ್ದರೆ ದುಡ್ಡು ಬರಲ್ಲ, ಈ ಕಡೆ ಬಂದರೆ ಬರುತ್ತೆ ಅಂತ ನಾವೇ ಒಪ್ಪಿಕೊಂಡುಬಿಟ್ಟರೆ ನಾಳೆ ಯಾರೂ ವಿರೋಧ ಪಕ್ಷದಲ್ಲಿ ಕೂರಲ್ಲ.

ಪ್ರಶ್ನೆ: ಶಾಸಕರ ಆಸ್ತಿ ಐದು ವರ್ಷದಲ್ಲಿ ದುಪ್ಪಟ್ಟಾಗಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದೆ. ನಂಬೋದಾ?
— ಶಿವಮೊಗ್ಗ

ಉತ್ತರ: ವಾಟ್ಸ್‌ಆ್ಯಪ್ ಬಿಡಿ, ಅವರೇ ಸಹಿ ಮಾಡಿದ ಅಫಿಡವಿಟ್ ಇದೆಯಲ್ಲ. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನ ನಂತರ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಆಸ್ತಿ, ಸಾಲ, ಓದು, ತಮ್ಮ ಮೇಲಿರುವ ಕ್ರಿಮಿನಲ್ ಕೇಸು ಎಲ್ಲ ಬರೆದು ಕೊಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಹೋದ ಸಲದ್ದು, ಅದಕ್ಕೂ ಹಿಂದಿನದ್ದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ.

ಓದುವಾಗ ಅವಸರ ಬೇಡ. ಹಳೇ ಜಮೀನಿನ ಬೆಲೆ ಏರಿದ್ದರಿಂದಲೂ ಆಸ್ತಿ ದುಪ್ಪಟ್ಟು ಕಾಣುತ್ತದೆ. ಬೆಂಗಳೂರಿನ ಸುತ್ತ ನಾಲ್ಕು ಎಕರೆ ಇದ್ದವರು ಸುಮ್ನೆ ಮಲಗಿದ್ದರೂ ಕೋಟ್ಯಧಿಪತಿ. ಹೊಸದಾಗಿ ಏನು ಕೊಂಡರು, ಯಾವ ಇಸವಿಯಲ್ಲಿ ಕೊಂಡರು ಅದನ್ನು ನೋಡಿ. ಹೆಂಡತಿ ಅಥವಾ ಗಂಡನ ಹೆಸರಿನ ಕಾಲಂ ನೋಡಿ. ಐದು ವರ್ಷದ ಆದಾಯ ತೆರಿಗೆ ಲೆಕ್ಕವೂ ಅದರಲ್ಲೇ ಇರುತ್ತದೆ. ವರ್ಷಕ್ಕೆ ಹತ್ತು ಲಕ್ಷ ಆದಾಯ ತೋರಿಸಿದವರು ಮೂರು ಕೋಟಿಯ ಕಟ್ಟಡ ಕೊಂಡಿದ್ದರೆ ಸಾಲ ಎಲ್ಲಿಂದ ಬಂತು ಅಂತ ಸಾಲದ ಕಾಲಂ ನೋಡಿ. ನನಗಂತೂ ಆ ಕಾಲಂ ಓದೋದು ಪತ್ತೇದಾರಿ ಕಾದಂಬರಿ ಓದಿದಂತೆ.

ಕೇಸುಗಳ ವಿಷಯಕ್ಕೂ ಅಷ್ಟೇ. ಕಾವೇರಿ ಗಲಾಟೆಯಲ್ಲಿ ರಸ್ತೆ ತಡೆ ಮಾಡಿದ್ದಕ್ಕೆ ಬಿದ್ದ ಕೇಸು, ಜಮೀನು ನುಂಗಿದ ಕೇಸು ಎರಡೂ ಪಟ್ಟಿಯಲ್ಲಿ ಒಂದೊಂದು ಸಾಲು. ಸೆಕ್ಷನ್ ಓದದೆ ಬರೀ ಸಂಖ್ಯೆ ಎಣಿಸಿದರೆ ಹೋರಾಟಗಾರ ರೌಡಿಯಾಗುತ್ತಾನೆ, ರೌಡಿ ಸಜ್ಜನನಾಗುತ್ತಾನೆ.

ಪ್ರಶ್ನೆ: ಎಂಪಿಗೆ ಒಂದು ಪಕ್ಷ, ಎಮ್ಮೆಲ್ಲೆಗೆ ಇನ್ನೊಂದು ಪಕ್ಷ ಹಾಕಿದರೆ ತಪ್ಪಾ?
— ಹಾವೇರಿ

ಉತ್ತರ: ಅದು ನಮ್ಮವರ ಹಳೇ ಚಾಳಿ. 1984ರ ಕೊನೆಯಲ್ಲಿ ಲೋಕಸಭೆಯ 28ರಲ್ಲಿ 24 ಸೀಟನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೋದರೆ, 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಕೊಟ್ಟು ಕೂರಿಸಿದರು. ಮೊನ್ನೆ ಮೊನ್ನೆ 2023ರಲ್ಲಿ ಕಾಂಗ್ರೆಸ್ಸಿಗೆ 135, ಮರುವರ್ಷ ಲೋಕಸಭೆಯಲ್ಲಿ ಬಿಜೆಪಿಗೆ 17. ತಪ್ಪೇನಿಲ್ಲ.

ಪ್ರಶ್ನೆ: ಕೆಲಸ ಮಾಡದ ಶಾಸಕರನ್ನು ಅರ್ಧದಲ್ಲೇ ವಾಪಸ್ ಕರೆಸಬಹುದಾ? ಇಲ್ಲದಿದ್ದರೆ ನೋಟಾ ಒತ್ತಲಾ?
— ವಿಜಯಪುರ

ಉತ್ತರ: ಶಾಸಕರನ್ನು ವಾಪಸ್ ಕರೆಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಮಧ್ಯಪ್ರದೇಶ, ಛತ್ತೀಸ್‌ಗಢದಲ್ಲಿ ನಗರಸಭೆ ಅಧ್ಯಕ್ಷರ ಮಟ್ಟಿಗೆ ಅದನ್ನು ಮಾಡಿ ನೋಡಿದ್ದಾರೆ. ನೋಟಾ 2013ರಿಂದ ಇದೆ. ಆದರೆ ನೋಟಾಗೇ ಎಲ್ಲರಿಗಿಂತ ಜಾಸ್ತಿ ವೋಟು ಬಿದ್ದರೂ ವಿಧಾನಸಭೆಗೆ ಹೋಗುವುದು ಅದರ ನಂತರ ಹೆಚ್ಚು ಪಡೆದ ಅಭ್ಯರ್ಥಿಯೇ. ಸಿಟ್ಟು ತೋರಿಸೋಕೆ ಸಾಕು. ಸೋಲಿಸೋಕೆ ಸಾಲದು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ವಯಸ್ಸು 74. ಒಬ್ಬರಿಗೇ ಮೂರು ಸಲ ವೋಟು ಹಾಕಿದ್ದೇನೆ. ಮೊದಲ ಎರಡು ಅವಧಿಯಲ್ಲಿ ಒಳ್ಳೆಯ ಕೆಲಸ ಮಾಡಿದರು. ನಮ್ಮೂರಿಗೆ ಹೈಸ್ಕೂಲು ಬಂದದ್ದು ಅವರಿಂದಲೇ. ಈಗ ಏನೂ ಇಲ್ಲ. ಕೇಳಿದರೆ ‘ಹೈಸ್ಕೂಲು ಯಾರು ತಂದಿದ್ದು ಮೇಷ್ಟ್ರೇ?’ ಅಂತ ನನ್ನನ್ನೇ ಕೇಳುತ್ತಾರೆ. ಮುಂದಿನ ಸಲ ಮಗನಿಗೆ ಟಿಕೆಟ್ ಅಂತೆ. ಅವರ ಹಳೇ ಕೆಲಸಕ್ಕೆ ಬೆಲೆ ಕೊಡಬೇಡವೇ?
— ಹಾಸನ ಜಿಲ್ಲೆ

ಉತ್ತರ: ಮೇಷ್ಟ್ರೇ, ಏಳನೇ ಕ್ಲಾಸಿನಲ್ಲಿ ಫಸ್ಟ್ ಬಂದ ಹುಡುಗನನ್ನು ಅದೇ ಅಂಕದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದ್ದೀರಾ ನೀವು?

ಹೈಸ್ಕೂಲಿಗೆ ಬೆಲೆ ಕೊಟ್ಟಾಗಿದೆ. ಎರಡನೇ ಸಲವೂ ಕೊಟ್ಟಿರಿ, ಮೂರನೇ ಸಲವೂ ಕೊಟ್ಟಿರಿ. ದೊಡ್ಡವರಿಗೂ ಜನ ಹೀಗೇ ಲೆಕ್ಕ ಹಾಕಿದ್ದಾರೆ. ಮಲ್ಲಿಕಾರ್ಜುನ ಖರ್ಗೆ ಅವರು ಗುರುಮಠಕಲ್‌ನಿಂದ ಎಂಟು ಸಲ, ಚಿತ್ತಾಪುರದಿಂದ ಒಂದು ಸಲ ಸತತವಾಗಿ ವಿಧಾನಸಭೆಗೆ ಗೆದ್ದವರು. 2019ರ ಲೋಕಸಭೆಗೆ ಅವರೂ ಕಲಬುರಗಿಯಲ್ಲಿ ಸೋತರು. ಅದೇ ವರ್ಷ ತುಮಕೂರಿನಲ್ಲಿ ದೇವೇಗೌಡರು ಸೋತರು. ಅವರು ಮಾಡಿದ ಹಳೇ ಕೆಲಸ ಜನಕ್ಕೆ ಮರೆತುಹೋಗಿತ್ತು ಅಂತಲ್ಲ. ಆ ಸಲ ಬೇರೆ ಏನೋ ತೂಗಿತು. ಆ ತೂಕ ಸರಿಯೋ ತಪ್ಪೋ, ಅದು ಬೇರೆ ಮಾತು.

ಮಗನ ವಿಷಯ ಇನ್ನೂ ಸುಲಭ. ಹೈಸ್ಕೂಲು ತಂದದ್ದು ಅಪ್ಪ, ಮಗ ಅಲ್ಲ. ಅವರಪ್ಪನಿಂದ ಮಗನಿಗೆ ಹೊಲ ಬರುತ್ತೆ, ಮನೆ ಬರುತ್ತೆ. ನಿಮ್ಮ ವೋಟು ಪಹಣಿಯಲ್ಲಿಲ್ಲ. ಹುಡುಗ ಒಳ್ಳೆಯವನೇ ಇರಬಹುದು. ಟಿಕೆಟ್ ಸಿಗುವ ಮುಂಚೆ ಊರಲ್ಲಿ ಅವನನ್ನು ಎಷ್ಟು ಸಲ ನೋಡಿದ್ದೀರಿ, ಅದನ್ನು ನೆನಪು ಮಾಡಿಕೊಳ್ಳಿ.

ಈಗ ನಿಮಗೊಂದು ಕೆಲಸ ಹೇಳುತ್ತೇನೆ, ಮೇಷ್ಟ್ರಿಗೆ ಕೆಲಸ ಹೇಳುವಷ್ಟು ದೊಡ್ಡವನಲ್ಲ ನಾನು, ಆದರೂ. ಒಂದು ಬಿಳಿ ಹಾಳೆಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. ಈ ಅವಧಿಯಲ್ಲಿ ತಾಲೂಕು ಕೆಡಿಪಿ ಸಭೆ ಎಷ್ಟು ನಡೆದಿದೆ, ಬಗರ್ ಹುಕುಂ ಸಮಿತಿ ಎಷ್ಟು ಸಲ ಸೇರಿದೆ, ಶಾಸಕರ ನಿಧಿಯಲ್ಲಿ ಯಾವ ಊರಿಗೆ ಎಷ್ಟು ಹೋಗಿದೆ. ಮೂರನ್ನೂ ಒಂದೇ ಕಚೇರಿಗೆ ಹಾಕಬೇಡಿ, ‘ನಮ್ಮಲ್ಲಿಲ್ಲ’ ಅಂತ ತಿಂಗಳು ತಳ್ಳುತ್ತಾರೆ. ಕೆಡಿಪಿಯದು ತಾಲೂಕು ಪಂಚಾಯಿತಿಗೆ, ಬಗರ್ ಹುಕುಂನದು ತಹಶೀಲ್ದಾರ್ ಕಚೇರಿಗೆ, ನಿಧಿಯದು ಜಿಲ್ಲಾಧಿಕಾರಿ ಕಚೇರಿಗೆ. ಒಂದೊಂದಕ್ಕೂ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ದಾಟದಿರಲಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ಸ್ವೀಕೃತಿ ಇಸಕೊಳ್ಳೋದು ಮರೆಯಬೇಡಿ. ಉತ್ತರ ಬಂದ ದಿನ ನಮಗೂ ಒಂದು ಜೆರಾಕ್ಸ್ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ.